ಮದುವೆ ಗೊತ್ತಾದವರ ಇಂಜಿನ್‌ಗಳು

ವಡೋದರಾದ ಗೋರ್ವಾದಲ್ಲಿ, ಕಾರ್ಖಾನೆಗಳ ಸಾಲು ಮುಗಿದು ಮನೆಗಳು ಶುರುವಾಗುವ ಕಡೆ, ಪದ್ಮನಾಭ ಐತಾಳನ ತಗಡಿನ ಶೆಡ್ಡು ಇತ್ತು. ಬೋರ್ಡು ಇರಲಿಲ್ಲ. ಕಾರು ಓಡಿಸುವ ಹುಚ್ಚು ಹತ್ತಿದವರಿಗೆ ಬೋರ್ಡಿನ ಅಗತ್ಯವೂ ಇರಲಿಲ್ಲ. ಅಹಮದಾಬಾದಿನಿಂದ ಸೂರತ್‌ವರೆಗೆ ಯಾವ ಹುಡುಗ ತನ್ನ ಕಾರಿಗೆ ಜೋಡಿ ಕಾರ್ಬ್ಯುರೇಟರ್ ಹಾಕಿಸಬೇಕೆಂದು ಹೊರಟರೂ, "ಗೋರ್ವಾದಲ್ಲಿ ಒಬ್ಬ ಮದ್ರಾಸಿ ಕಾಕಾ ಇದ್ದಾನೆ, ಕೇಳಿ ನೋಡು" ಎಂದು ಯಾರಾದರೂ ಹೇಳುತ್ತಿದ್ದರು. ತಾನು ಮದ್ರಾಸಿ ಅಲ್ಲ, ಉಡುಪಿ ಕಡೆಯವನು ಎಂದು ಪದ್ಮನಾಭ ಮೊದಮೊದಲು ತಿದ್ದುತ್ತಿದ್ದ. ಆಮೇಲೆ ಬಿಟ್ಟುಬಿಟ್ಟ.

ಹೊಸ ಸಾಮಾನು ಅವನು ಮಾರುತ್ತಿರಲಿಲ್ಲ. ಕಂಪನಿಯಿಂದ ಬಂದ ಇಂಜಿನ್‌ಗೆ ಇನ್ನಷ್ಟು ಜೋರು ಬರಿಸಲು ಯಾರೋ ಉಜ್ಜಿ ನುಣುಪು ಮಾಡಿದ ಸಿಲಿಂಡರ್ ಹೆಡ್ಡು, ಮುಂಬೈ ಹಡಗುಕಟ್ಟೆಯ ಹಾದಿಯಲ್ಲಿ ಹೇಗೋ ಬಂದ ವಿದೇಶಿ ಕಾರ್ಬ್ಯುರೇಟರು, ವಾಲ್ವುಗಳನ್ನು ಹೆಚ್ಚು ಎತ್ತುವ ಹಾಗೆ ಅರೆದ ಕ್ಯಾಮ್‌ಶಾಫ್ಟು, ನಾಲ್ಕು ಕೊಳವೆಯ ಸೈಲೆನ್ಸರು, ಇಂಥವು. ಎಲ್ಲವೂ ಒಮ್ಮೆ ಯಾರದೋ ಕಾರಿನಲ್ಲಿ ಓಡಿದಂಥವು. ಒಂದಷ್ಟು ಮಾಲು ಮುಂಬೈಯ ಕುರ್ಲಾದ ಗುಜರಿ ಅಂಗಡಿಗಳಿಂದ ಬರುತ್ತಿತ್ತು. ಹೆಚ್ಚಿನದು ಮದುವೆ ಗೊತ್ತಾದ ಹುಡುಗರಿಂದ.

ಇದು ಅವನು ವ್ಯಾಪಾರಕ್ಕಿಳಿದ ಮೇಲೆ ತಿಳಿದುಕೊಂಡ ಸಂಗತಿ. ಮಿಲ್ಲಿನವರ, ಬಣ್ಣದ ಕಾರ್ಖಾನೆಯವರ, ವಜ್ರದ ವ್ಯಾಪಾರಿಗಳ ಮಕ್ಕಳು ಕಾಲೇಜು ಮುಗಿಯುವ ಹೊತ್ತಿಗೆ ಈ ಹುಚ್ಚಿಗೆ ಬೀಳುತ್ತಿದ್ದರು. ನಾಲ್ಕೈದು ವರ್ಷ ಅವನ ಶೆಡ್ಡಿಗೆ ಎಡತಾಕುತ್ತಿದ್ದರು. ಸ್ಟೂಲಿನ ಮೇಲೆ ಕೂತು ಚಹಾ ಕುಡಿದು, ಕೈ ಮಸಿ ಮಾಡಿಕೊಂಡು, ಅವನನ್ನು ಬಿಟ್ಟರೆ ಲೋಕದಲ್ಲಿ ಬೇರೆ ಯಾರೂ ಇಲ್ಲ ಅನ್ನುವ ಹಾಗೆ ಇರುತ್ತಿದ್ದರು. ಆಮೇಲೆ ಒಂದು ದಿನ ಮನೆಯಿಂದ ಫೋನು. ಹುಡುಗನ ನಿಶ್ಚಿತಾರ್ಥವಾಗಿದೆ, ಆ ಸದ್ದಿನ ಇಂಜಿನ್ ಮನೆಯಿಂದ ಆಚೆ ಹೋಗಬೇಕು ಎಂದು ತಂದೆಯ ಅಪ್ಪಣೆ. ಪದ್ಮನಾಭ ಟೆಂಪೋ ಮಾಡಿಕೊಂಡು ಹೋಗುತ್ತಿದ್ದ. ತಂದೆ ಉಯ್ಯಾಲೆಯ ಮೇಲೆ ಕೂತು ನೋಡುತ್ತಿದ್ದರೆ, ಹುಡುಗ ತಲೆ ತಗ್ಗಿಸಿ ತಾನೇ ಬೋಲ್ಟು ಬಿಚ್ಚಿ ಕೊಡುತ್ತಿದ್ದ. ಒಳಗಿನಿಂದ ಸಿಹಿ ಬರುತ್ತಿತ್ತು, ಹೊರಡುವಾಗ ಕೈಗೆ ಲಗ್ನಪತ್ರಿಕೆ.

ಮೊದಲ ಕೆಲವು ವರ್ಷ ಆ ಮದುವೆಗಳಿಗೆ ಅವನು ಹೋಗುತ್ತಿದ್ದ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕವರಿನಲ್ಲಿ ಮುಯ್ಯಿ ಇಟ್ಟುಕೊಂಡು. ಊಟದ ಸಾಲಿನಲ್ಲಿ ಪಕ್ಕದವರು, "ನೀವು ಹುಡುಗನ ಕಡೆಯವರೋ, ಹುಡುಗಿಯ ಕಡೆಯವರೋ?" ಎಂದು ಕೇಳುತ್ತಿದ್ದರು. ಇಂಜಿನ್ ಕಡೆಯವನು ಎಂದು ಹೇಳಬೇಕೆನಿಸಿ, ಹೇಳದೆ ನಗುತ್ತಿದ್ದ. ಮದುವೆಯಾದ ಮೇಲೆ ಆ ಹುಡುಗರಲ್ಲಿ ಒಬ್ಬರೂ ಶೆಡ್ಡಿನ ಕಡೆ ತಲೆ ಹಾಕುತ್ತಿರಲಿಲ್ಲ. ಅವರ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಆದರೆ ಪತ್ರಿಕೆ ಬಂದರೆ ಹೋಗುವುದನ್ನು ನಿಲ್ಲಿಸಿದ.

ಅವನಿಗೆ ಮದುವೆಯಾಗಿರಲಿಲ್ಲ. ಬ್ರಹ್ಮಾವರದ ಹತ್ತಿರದ ಹಳ್ಳಿಯಿಂದ, ಮೀಸೆ ಮೂಡುವ ಮೊದಲೇ, ಅಣ್ಣ ಕೇಶವನ ಹೋಟೆಲಿಗೆಂದು ಅಹಮದಾಬಾದಿಗೆ ಬಂದಿದ್ದ. ಹೋಟೆಲು ಕಾಲೂಪುರ ಸ್ಟೇಷನ್ನಿನ ಎದುರಿನ ಬೀದಿಯಲ್ಲಿತ್ತು. ಅಲ್ಲಿ ಅವನ ಮನಸ್ಸು ಇಡ್ಲಿ ಹಿಟ್ಟಿಗಿಂತ ಹಿಟ್ಟು ರುಬ್ಬುವ ಯಂತ್ರದ ಮೇಲೆ ಹೆಚ್ಚಿತ್ತು. ಒಂದು ದಿನ ಗಲ್ಲಾ ಬಿಟ್ಟು ಪಕ್ಕದ ಗ್ಯಾರೇಜಿಗೆ ಸೇರಿಕೊಂಡ. ಊರಿನಲ್ಲಿ ನೋಡಿದ್ದ ಹೆಣ್ಣಿನ ಕಡೆಯವರು, ಹುಡುಗ ಹೋಟೆಲು ಬಿಟ್ಟು ಗುಜರಿಗೆ ಇಳಿದಿದ್ದಾನೆಂದು ಕೇಳಿ ಹಿಂದೆ ಸರಿದರು. ಮತ್ತೆ ಯಾರೂ ನೋಡಲಿಲ್ಲ, ಅವನೂ ಕೇಳಲಿಲ್ಲ. ಶೆಡ್ಡಿನ ಹಿಂದಿನ ಕೋಣೆಯಲ್ಲಿ ಒಂದು ಸ್ಟೌ, ಒಂದು ಚಾಪೆ, ಗೋಡೆಗೆ ಕೃಷ್ಣಮಠದ ಕ್ಯಾಲೆಂಡರು. ಹೀಗೆಯೇ ನಲವತ್ತೈದು ದಾಟಿತು.

ಕೃಪಾ ಬಂದದ್ದು ತೊಂಬತ್ತೊಂದರ ಬೇಸಿಗೆಯಲ್ಲಿ. ಲೂನಾ ಮೇಲೆ ಬಂದ, ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಓದುತ್ತಿದ್ದ ಹುಡುಗಿ. ಹುಡುಗಿಯರು ಅವನ ಶೆಡ್ಡಿಗೆ ಬಂದವರೇ ಅಲ್ಲ. ಅಣ್ಣನಿಗೋ ಗೆಳೆಯನಿಗೋ ಏನೋ ಕೇಳಲು ಬಂದಿರಬೇಕು ಎಂದುಕೊಂಡ. ಆಕೆ ಹಿಂದಿಯಲ್ಲಿ, ತಂದೆಯ ಹಳೆಯ ಫಿಯಟ್ ತನಗೆ ಬಂದಿದೆ, ಅದಕ್ಕೆ ಒಳ್ಳೆಯ ಕ್ಯಾಮ್‌ಶಾಫ್ಟು ಬೇಕು ಎಂದಳು. ಅವನು ರೇಟು ಹೇಳಿದ. ಆಕೆ ತನ್ನಷ್ಟಕ್ಕೆ, "ಅಯ್ಯೋ ಶಿವನೇ" ಅಂದಳು.

ಪದ್ಮನಾಭ ಸ್ಪ್ಯಾನರು ಕೆಳಗಿಟ್ಟ. "ಕನ್ನಡ ಬರ್ತದಾ ನಿಂಗೆ?"

"ಸ್ವಲ್ಪ. ಅಪ್ಪ ಮನೇಲಿ ಮಾತಾಡ್ತಾಳೆ."

"ಅಪ್ಪ ಮಾತಾಡ್ತಾರೆ."

"ಹಾಂ, ಅದೇ. ಧಾರವಾಡ ನಮ್ಮದು. ಆದರೆ ನಾನು ಇಲ್ಲೇ ಹುಟ್ಟಿದ್ದು."

ಆಕೆಯ ತಂದೆ ಜಯತೀರ್ಥ ಊರಾಚೆಯ ರಾಸಾಯನಿಕ ಕಾರ್ಖಾನೆಯಲ್ಲಿ ದೊಡ್ಡ ಇಂಜಿನಿಯರು. ಮಗಳ ಈ ಹುಚ್ಚನ್ನು ಅವರು ಓದಿನ ಒಂದು ಭಾಗ ಎಂದುಕೊಂಡು ಸುಮ್ಮನಿದ್ದರು. ಅಂದು ಪದ್ಮನಾಭ ಕ್ಯಾಮ್‌ಶಾಫ್ಟನ್ನು ಹೇಳಿದ ರೇಟಿಗಿಂತ ಕಡಿಮೆಗೆ ಕೊಟ್ಟ. ಅದನ್ನು ಕೂರಿಸುವುದು ಹೇಗೆಂದು ಹೇಳಿಕೊಡಲು ಶನಿವಾರ ಮಧ್ಯಾಹ್ನ ಬರಲು ಹೇಳಿದ.

ಆಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಶನಿವಾರ ಮಧ್ಯಾಹ್ನಗಳು ಹಾಗೆಯೇ ಕಳೆದವು. ಒಂದು ಮುರುಕು ಕಾರಿನಿಂದ ಇನ್ನೊಂದು ಫಿಯಟ್ ಇಂಜಿನ್ ತಂದು ಸ್ಟ್ಯಾಂಡಿಗೇರಿಸಿ, ಅದನ್ನು ಸ್ವಲ್ಪಸ್ವಲ್ಪವಾಗಿ ಕಟ್ಟಿದರು. ಪಿಸ್ಟನ್ನುಗಳು ಸೂರತ್ತಿನ ಒಬ್ಬನ ಮದುವೆಯಿಂದ, ಜೋಡಿ ಕಾರ್ಬ್ಯುರೇಟರು ಅಹಮದಾಬಾದಿನ ಇನ್ನೊಬ್ಬನ ಮದುವೆಯಿಂದ. ಹೆಡ್ಡನ್ನು ಆಕೆಯೇ ವಾರಗಟ್ಟಲೆ ಕೂತು ಉಜ್ಜಿದಳು. ಉಜ್ಜುತ್ತಾ ತಪ್ಪುತಪ್ಪು ಕನ್ನಡದಲ್ಲಿ ಏನೇನೋ ಹೇಳುತ್ತಿದ್ದಳು. ಅವನು ತಿದ್ದುತ್ತಿದ್ದ. ಧಾರವಾಡದವರು ಚಿಕ್ಕಪ್ಪನನ್ನು ಕರೆಯುವಂತೆಯೇ ಆಕೆ ಅವನನ್ನು ಕಾಕಾ ಎನ್ನುತ್ತಿದ್ದಳು. ಗುಜರಾತಿ ಹುಡುಗರೂ ಕಾಕಾ ಎಂದೇ ಕರೆಯುತ್ತಿದ್ದರು. ಆದರೆ ಎರಡೂ ಬೇರೆ ಬೇರೆ ಎಂದು ಅವನಿಗೆ ಅನ್ನಿಸುತ್ತಿತ್ತು.

ಇಂಜಿನ್ ಮೊದಲ ಸಲ ಶುರುವಾದ ದಿನ ಆಕೆ ಕಿವಿ ಮುಚ್ಚಿಕೊಂಡು ನಕ್ಕಳು. ಊರಾಚೆಯ ಹಳೆಯ ವಿಮಾನಪಟ್ಟಿಯಲ್ಲಿ ನಡೆದ ಸ್ಪರ್ಧೆಯಲ್ಲಿ ಹುಡುಗರ ನಡುವೆ ಓಡಿಸಿ ಮೂರನೆಯವಳಾಗಿ ಬಂದಳು. ಪದ್ಮನಾಭ ಹಗ್ಗದ ಆಚೆ, ಬಿಸಿಲಲ್ಲಿ, ಕೈಯಲ್ಲಿ ಸ್ಪಾರ್ಕ್ ಪ್ಲಗ್ಗಿನ ಡಬ್ಬಿ ಹಿಡಿದು ನಿಂತಿದ್ದ. ಆಕೆ ಬಂದು ಎಲ್ಲರೆದುರು, "ಇದು ನಮ್ಮ ಕಾಕಾ" ಎಂದು ತೋರಿಸಿದಳು.

ತೊಂಬತ್ತನಾಲ್ಕರ ಶುರುವಿನಲ್ಲಿ ಆಕೆಯ ಮದುವೆ ಗೊತ್ತಾಯಿತು. ಹುಡುಗ ಅನಿಲ್, ಅವರ ಕಡೆಯವನೇ. ಅವನ ತಂದೆ ರೈಲ್ವೆಯಿಂದ ನಿವೃತ್ತರಾಗಿ ಅಹಮದಾಬಾದಿನ ನರೋಡಾದಲ್ಲಿ ಪಂಪು ತಯಾರಿಸುವ ಘಟಕ ಹಾಕಿದ್ದರು. ಸಂಗತಿ ತಿಳಿದಾಗ ಪದ್ಮನಾಭನಿಗೆ ಅಚ್ಚರಿಯಾಗಲಿಲ್ಲ. ಫಿಯಟ್‌ಗೆ ಅದರ ಮೊದಲಿನ ಇಂಜಿನ್ ಹಾಕಿ ಮಾರಿದರು. ಕಟ್ಟಿದ ಇಂಜಿನ್ ಟೆಂಪೋದಲ್ಲಿ ಶೆಡ್ಡಿಗೆ ಬಂತು. ಆಕೆಯೂ ಟೆಂಪೋದ ಮುಂದೆ ಡ್ರೈವರನ ಪಕ್ಕ ಕೂತು ಬಂದಳು.

ಅವನು ದುಡ್ಡು ತೆಗೆದಿಟ್ಟಿದ್ದ. ಆಕೆ ಮುಟ್ಟಲಿಲ್ಲ.

"ಮಾರಬೇಡಿ ಕಾಕಾ ಇದನ್ನ. ಇಟ್ಕೊಳ್ಳಿ. ನಾನು ಬಂದು ತಗೊಂಡು ಹೋಗ್ತೀನಿ."

"ಯಾವಾಗ?"

"ಬರ್ತೀನಿ. ಮಾರಲ್ಲ ಅಲ್ವಾ?"

"ಇಲ್ಲ, ಮಾರೂದಿಲ್ಲ."

ಆಕೆಯ ಮದುವೆಗೆ ಅವನು ಹೋದ. ನಿಯಮ ಮುರಿದು ಹೋದ ಮದುವೆ ಅದೊಂದೇ. ಮಂಟಪದಲ್ಲಿ ನೂಕುನುಗ್ಗಲಿತ್ತು. ದೂರದಿಂದ ಅಕ್ಷತೆ ಹಾಕಿ, ಊಟ ಮಾಡಿ ಬಂದ.

ಇಂಜಿನ್ ಓಡಿಸದೆ ಸುಮ್ಮನೆ ಇಟ್ಟರೆ ಒಳಗೆ ತುಕ್ಕು ಹಿಡಿದು ಪಿಸ್ಟನ್ನು ಕಚ್ಚಿಕೊಳ್ಳುತ್ತದೆ. ಹಾಗಾಗಿ ಪದ್ಮನಾಭ ಅದನ್ನು ಶೆಡ್ಡಿನ ಒಳಮೂಲೆಯಲ್ಲಿ ಹಲಗೆಯ ಮೇಲೆ ಕೂರಿಸಿ ಟಾರ್ಪಾಲು ಹೊದಿಸಿದ. ಶನಿವಾರ ಮಧ್ಯಾಹ್ನ ಟಾರ್ಪಾಲು ಸರಿಸಿ, ಪ್ಲಗ್ಗು ಬಿಚ್ಚಿ, ಒಂದೊಂದು ಸಿಲಿಂಡರಿಗೂ ಒಂದಿಷ್ಟು ಎಣ್ಣೆ ಬಿಟ್ಟು, ಸ್ಪ್ಯಾನರು ಹಾಕಿ ಇಂಜಿನ್ನನ್ನು ಕೈಯಿಂದ ನಿಧಾನ ತಿರುಗಿಸುತ್ತಿದ್ದ. ಹೊರಮೈಯನ್ನೂ ಎಣ್ಣೆಬಟ್ಟೆಯಿಂದ ಒರೆಸುತ್ತಿದ್ದ. ಐದು ನಿಮಿಷದ ಕೆಲಸಕ್ಕೆ ಅವನು ಸಂಜೆಯವರೆಗೂ ತೆಗೆದುಕೊಳ್ಳುತ್ತಿದ್ದ.

ಅದೇ ವರ್ಷದ ಕೊನೆಗೆ ಸೂರತ್ತಿನ ಮನೋಜ್ ಬಂದ. ಅವನ ತಂದೆಗೆ ಊರಾಚೆಯ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ ಸೀರೆಗೆ ಬಣ್ಣ ಹಾಕುವ ಕಾರ್ಖಾನೆ. ಮನೋಜ್ ಒಳ್ಳೆಯ ಗಿರಾಕಿ, ಚೌಕಾಸಿ ಮಾಡದವನು. ಟಾರ್ಪಾಲಿನ ಅಡಿ ಇಣುಕಿ ನೋಡಿದವನ ಕಣ್ಣು ಅಲ್ಲೇ ನೆಟ್ಟಿತು.

"ಕಾಕಾ, ಇದು ಆ ಹುಡುಗಿಯ ಇಂಜಿನ್ ಅಲ್ವಾ? ಇದನ್ನು ನನಗೆ ಕೊಡಿ. ಎಷ್ಟು ಹೇಳ್ತೀರೋ ಅಷ್ಟು."

"ಅದು ಬೇರೆಯವರದ್ದು."

"ಅವಳಿಗೆ ಮದುವೆ ಆಯ್ತಲ್ಲ."

"ಆಯ್ತು. ಆದರೂ ಬೇರೆಯವರದ್ದು."

ಮನೋಜ್ ಎರಡು ಸಲ ಫೋನು ಮಾಡಿ ಕೇಳಿದ, ಮತ್ತೊಮ್ಮೆ ಬಂದು ಕೇಳಿದ. ಕೊನೆಗೆ ಬೇಸರಪಟ್ಟು, ಜಿಪ್ಸಿ ಜೀಪು ಕೊಂಡುಕೊಂಡ. ಆಮೇಲೆ ಬರುವುದನ್ನೇ ಬಿಟ್ಟ.

ಆ ಹೊತ್ತಿಗೆ ಗಾಳಿಯೂ ತಿರುಗಿತ್ತು. ರಸ್ತೆಗೆ ಹೊಸ ಕಾರುಗಳು ಬಂದವು, ಆಮೇಲೆ ಕಂಪ್ಯೂಟರಿನಿಂದ ಪೆಟ್ರೋಲು ಬಿಡುವ ಇಂಜಿನ್‌ಗಳು. ಹುಡುಗರು ಈಗ ಶೋರೂಮಿನಿಂದಲೇ ವೇಗವನ್ನು ಕೊಂಡು ತರುತ್ತಿದ್ದರು. ಕಾರ್ಬ್ಯುರೇಟರಿನ ಕಿವಿ ಹಿಂಡಿ ಸದ್ದು ಕೇಳುವವರು ಕಡಿಮೆಯಾದರು. ಶೆಡ್ಡಿನ ಸ್ಟೂಲುಗಳ ಮೇಲೆ ಧೂಳು ಕೂರತೊಡಗಿತು. ಕೆಲವು ದಿನ ಪದ್ಮನಾಭ ಬೆಳಗಿನಿಂದ ಸಂಜೆಯವರೆಗೆ ಚಹಾದವನ ಜೊತೆ ಬಿಟ್ಟರೆ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಒಮ್ಮೆ ತಾನೊಬ್ಬನೇ ಇದ್ದಾಗ ಬೆರಳಿಗೆ ಸುತ್ತಿಗೆ ಬಿದ್ದು, "ಅಯ್ಯೋ ಶಿವನೇ" ಎಂದ. ತನ್ನ ಬಾಯಿಗೆ ಆ ಮಾತು ಎಲ್ಲಿಂದ ಬಂತೆಂದು ತನ್ನಲ್ಲೇ ಕೇಳಿಕೊಂಡ. ಅವನ ಊರಿನ ಕಡೆ ಯಾರೂ ಹಾಗೆ ಹೇಳುವುದಿಲ್ಲ.

ದೀಪಾವಳಿಗೆ ಅಹಮದಾಬಾದಿಗೆ ಹೋದಾಗ ಅತ್ತಿಗೆ ಶಾರದಾ ಅವನಿಗೆ ಗೋಧಿ ಪಾಯಸ ಬಡಿಸುತ್ತಾ ಕೇಳಿದರು.

"ಇನ್ನೆಷ್ಟು ದಿವಸ ಆ ಕಬ್ಬಿಣದ ಜೊತೆ ಇರ್ತಿ ಪದ್ಮನಾಭ? ನಿನ್ನ ಅಣ್ಣನಿಗೂ ಈಗ ಕೂರ್ಲಿಕ್ಕೆ ಆಗೂದಿಲ್ಲ. ಗಲ್ಲಾದಲ್ಲಿ ನಮ್ಮವರೇ ಒಬ್ಬರು ಬೇಕು."

"ಒಂದು ಸಾಮಾನು ಕೊಡ್ಲಿಕ್ಕೆ ಬಾಕಿ ಉಂಟು ಅತ್ತಿಗೆ. ಅದು ಮುಗಿದ ಮೇಲೆ ನೋಡುವ."

"ಎಂತ ಸಾಮಾನು?"

"ಒಂದು ಇಂಜಿನ್. ಅವರು ಬಂದು ತಗೊಂಡು ಹೋಗ್ತಾರೆ."

ಮರುದಿನ ವಡೋದರಾಕ್ಕೆ ಹಿಂದಿರುಗುವ ಮುನ್ನ ನರೋಡಾದಲ್ಲಿ ಗುಜರಿ ನೋಡುವ ನೆಪ ಮಾಡಿಕೊಂಡು ಆ ಕಡೆ ಹೋದ. ಕೃಪಾಳ ಮನೆ ನಂಬರು ಜಯತೀರ್ಥರು ಹಿಂದೆಂದೋ ಕೊಟ್ಟಿದ್ದರು. ಎಸ್‌ಟಿಡಿ ಬೂತಿನೊಳಗೆ ನಿಂತು ಡಯಲು ಮಾಡಿದ. ವಯಸ್ಸಾದ ಹೆಂಗಸಿನ ದನಿ ಕನ್ನಡದಲ್ಲೇ ಬಂತು.

"ಯಾರ್ರೀ ಮಾತಾಡೋದು?"

"ಕೃಪಾ ಇದ್ದಾರಾ?"

"ಇಲ್ಲ, ಹೊರಗ ಹೋಗ್ಯಾಳ. ನೀವ್ಯಾರು?"

ಪದ್ಮನಾಭ ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದ. ಗಾಜಿನಾಚೆ ಬೂತಿನವನು ಅವನನ್ನೇ ನೋಡುತ್ತಿದ್ದ.

"ಒಂದು ಇಂಜಿನ್ ವಿಷಯ," ಎಂದ.

"ಪಂಪಿನ ವಿಷಯ ಇದ್ದರ ಫ್ಯಾಕ್ಟರಿಗೆ ಮಾಡ್ರಿ. ಇದು ಮನೀ ನಂಬರ್," ಎಂದು ಆಕೆ ಫೋನು ಇಟ್ಟರು.

ಫ್ಯಾಕ್ಟರಿಗೆ ಅವನು ಮಾಡಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ತಾನು ಅವಳಿಗೆ ಏನಾಗಬೇಕು ಎಂಬುದಕ್ಕೆ ಒಂದು ಶಬ್ದ ಹುಡುಕುತ್ತಾ ಅರ್ಧ ದಾರಿಯ ನಡಿಯಾದ್‌ವರೆಗೆ ಬಂದ. ಸಿಕ್ಕಲಿಲ್ಲ. ಆಮೇಲೆ ನಿದ್ದೆ ಹತ್ತಿತು.

ಕೃಪಾ ಬಂದದ್ದು ತೊಂಬತ್ತೊಂಬತ್ತರ ಜನವರಿಯಲ್ಲಿ, ಉತ್ತರಾಯಣದ ಗಾಳಿಪಟದ ಹಬ್ಬ ಮುಗಿದ ವಾರ. ತಂತಿಗಳಲ್ಲಿ ಇನ್ನೂ ಗಾಳಿಪಟಗಳು ಸಿಕ್ಕಿಕೊಂಡಿದ್ದವು. ಜಯತೀರ್ಥರು ನಿವೃತ್ತರಾಗಿ ಧಾರವಾಡಕ್ಕೆ ಹೊರಟಿದ್ದರು. ತವರಿನ ಸಾಮಾನು ಕಟ್ಟಲು ಗಂಡ, ಮಗಳ ಜೊತೆ ಬಂದವಳು, ಆ ದಾರಿಯಲ್ಲಿ ಹೋಗುತ್ತಾ ಕಾರು ನಿಲ್ಲಿಸಿದ್ದಳು. ಮೈ ಸ್ವಲ್ಪ ತುಂಬಿತ್ತು. ಕೈ ಹಿಡಿದ ಮೂರು ವರ್ಷದ ಸೌಮ್ಯಾ ಶೆಡ್ಡಿನ ವಾಸನೆಗೆ ಮೂಗು ಮುಚ್ಚಿಕೊಂಡು ಗುಜರಾತಿಯಲ್ಲಿ ಏನೋ ಅಂದಿತು.

"ಕಾಕಾ, ನೀವು ಇನ್ನೂ ಇಲ್ಲೇ ಇದೀರಾ. ನಾನು ಅನಿಲ್‌ಗೆ ಹೇಳ್ತಾ ಇದ್ದೆ, ನೋಡೋಣ ಅಂತ."

ಪದ್ಮನಾಭ ಎದ್ದು ಬಂದ. ಸ್ಟೂಲು ಒರೆಸಿ ಕೊಟ್ಟ. ಚಹಾ ತರಿಸುತ್ತೇನೆಂದ, ಅನಿಲ್ ಗಡಿಯಾರ ನೋಡಿ ಬೇಡವೆಂದ. ಆಗ ಪದ್ಮನಾಭ ಒಳಮೂಲೆಗೆ ಹೋಗಿ, ಮದುಮಗಳ ಮುಂದೆ ಅಂತರಪಟ ಸರಿಸುವವನ ಹಾಗೆ ಎರಡೂ ಕೈಯಿಂದ ಟಾರ್ಪಾಲು ತೆಗೆದ.

ಕೃಪಾ ಹತ್ತಿರ ಬಂದಳು. ಒಂದು ಕ್ಷಣ ಆಕೆಗೆ ಗುರುತೇ ಹತ್ತಲಿಲ್ಲ.

"ಇದು ನಂದಾ? ಅಯ್ಯೋ ಕಾಕಾ, ಮಾರಿಲ್ವಾ? ನಾನು ಆವತ್ತೇ ಮಾರಿಬಿಟ್ಟಿರ್ತೀರಿ ಅಂದ್ಕೊಂಡಿದ್ದೆ."

ಶೆಡ್ಡಿನ ತಗಡು ಬಿಸಿಲಿಗೆ ಎಲ್ಲೋ ಚಟ್ಟೆಂದಿತು. ಆಕೆ ಅವನ ಮುಖವನ್ನೇ ನೋಡುತ್ತಿದ್ದಳು. ಮಾರಬೇಡಿ ಎಂದು ತಾನೇ ಹೇಳಿದ್ದು ಆಕೆಗೆ ಇನ್ನೂ ನೆನಪಾಗಿರಲಿಲ್ಲ, ಇನ್ನೊಂದು ಕ್ಷಣದಲ್ಲಿ ನೆನಪಾದೀತು ಎಂದು ಅವನಿಗೆ ಅನ್ನಿಸಿತು. ಅದಕ್ಕೆ ಮೊದಲೇ ಅವನು ಹೇಳಿದ:

"ಗಿರಾಕಿ ಸಿಕ್ಕಲಿಲ್ಲ ಮಾರಾಯ್ತಿ."

"ಈ ಕಾಲದಲ್ಲಿ ಫಿಯಟ್ ಇಂಜಿನ್ ಯಾರು ತಗೋತಾರೆ?" ಎಂದು ಅನಿಲ್ ನಕ್ಕ. ಕೆಟ್ಟ ನಗೆಯಲ್ಲ, ವ್ಯಾಪಾರ ಬಲ್ಲವನ ನಗೆ.

ಕೃಪಾ ಬಗ್ಗಿ, ತಾನೇ ಉಜ್ಜಿದ್ದ ಹೆಡ್ಡಿನ ಅಂಚಿನ ಮೇಲೆ ಬೆರಳಾಡಿಸಿದಳು. ಬೆರಳಿಗೆ ಧೂಳು ಹತ್ತಲಿಲ್ಲ, ಎಣ್ಣೆ ಹತ್ತಿತು. ಆಕೆ ಬೆರಳನ್ನು ನೋಡಿಕೊಂಡಳು. ಆಮೇಲೆ ತಲೆಯೆತ್ತಿ ಅವನನ್ನು ನೋಡಿದಳು. ಕರವಸ್ತ್ರ ತೆಗೆದು ಬೆರಳು ಒರೆಸಲು ಬಹಳ ಹೊತ್ತು ತೆಗೆದುಕೊಂಡಳು.

"ಯಾರಾದರೂ ಕೇಳಿದರೆ ಕೊಟ್ಟುಬಿಡಿ ಕಾಕಾ," ಎಂದಳು, ಮೆಲ್ಲಗೆ. "ನಿಮಗೆ ಜಾಗ ಆಗ್ತದೆ."

"ಹ್ಞೂಂ. ಕೊಡ್ತೇನೆ."

"ಅಪ್ಪ ಧಾರವಾಡಕ್ಕೆ ಹೋಗ್ತಾ ಇದಾರೆ. ಇನ್ನು ಈ ಕಡೆ ಬರೋದು ಕಡಿಮೆ."

ಇದಾರೆ ಎಂದು ಸರಿಯಾಗಿ ಹೇಳಿದ್ದಳು. ಐದು ವರ್ಷ ಅತ್ತೆಯ ಮನೆಯಲ್ಲಿ ಕನ್ನಡ ಸುಧಾರಿಸಿತ್ತು. ತಿದ್ದುವುದಕ್ಕೆ ಏನೂ ಉಳಿದಿರಲಿಲ್ಲ. ಕಾರಿನವರೆಗೆ ಹೋಗಿ ಪದ್ಮನಾಭ ಮಗುವಿಗೆ ಕೈ ಬೀಸಿದ. ಮಗು ತಾಯಿ ಹೇಳಿದ ಮೇಲೆ ಬೀಸಿತು.

ಆ ಶನಿವಾರ ಅವನು ಇಂಜಿನ್ ತಿರುಗಿಸಲಿಲ್ಲ. ಬಾಗಿಲು ಅರ್ಧ ಎಳೆದು ಚಾಪೆಯ ಮೇಲೆ ಮಲಗಿದ್ದ. ಆಕೆಯ ಮೇಲೆ ಸಿಟ್ಟು ಬರಲಿ ಎಂದು ಕಾದ. ಬರಲಿಲ್ಲ. ಊರು ಬಿಡುವ ದಿನ ಬ್ರಹ್ಮಾವರದಲ್ಲಿ ಬಸ್ಸು ಹತ್ತುವಾಗ ಅವನೂ ಅಮ್ಮನಿಗೆ, ವರ್ಷಕ್ಕೊಮ್ಮೆ ಬಂದೇ ಬರ್ತೇನೆ ಎಂದಿದ್ದ. ಅಮ್ಮ ಸಾಯುವುದರೊಳಗೆ ಅವನು ಹೋದದ್ದು ಬೆರಳೆಣಿಕೆಯಷ್ಟು ಸಲ. ಹೇಳುವಾಗ ಸುಳ್ಳು ಹೇಳಿರಲಿಲ್ಲ. ಹೋಗುವವರು ಹಾಗೆ ಹೇಳಿಯೇ ಹೋಗಬೇಕಾಗುತ್ತದೆ, ಇಲ್ಲದಿದ್ದರೆ ಕಾಲು ಏಳುವುದಿಲ್ಲ. ಅಮ್ಮ ಆ ಮಾತನ್ನು ಎಷ್ಟು ವರ್ಷ ಹಿಡಿದುಕೊಂಡಿದ್ದಳೋ, ಇವತ್ತಿನವರೆಗೆ ಅವನು ಯೋಚಿಸಿರಲಿಲ್ಲ. ಅವನಿಗೆ ನಾಚಿಕೆಯಾದದ್ದು, ಇಷ್ಟು ವಯಸ್ಸಾಗಿಯೂ ತನಗೆ ಇದು ಗೊತ್ತಾಗಲಿಲ್ಲವಲ್ಲ ಎಂದು.

ಸೋಮವಾರ ಎದ್ದು ಸ್ನಾನ ಮಾಡಿ, ಸೂರತ್ತಿಗೆ ಮನೋಜನಿಗೆ ಫೋನು ಮಾಡಿದ. ಮನೋಜನಿಗೆ ಈಗ ಮದುವೆಯಾಗಿ ಎರಡು ಮಕ್ಕಳು. ಬೇಡ ಎನ್ನುತ್ತಾನೆ ಎಂದುಕೊಂಡೇ ಮಾಡಿದ್ದ. ಮನೋಜ್ ಬೇಡ ಎನ್ನಲಿಲ್ಲ.

"ನಿಜವಾಗಿ ಕೊಡ್ತೀರಾ ಕಾಕಾ?"

"ಕೊಡ್ತೇನೆ. ನಿನ್ನ ಹತ್ತಿರ ಕಾರು ಉಂಟಾ?"

"ಮಾವನ ಹಳೆಯ ಫಿಯಟ್ ಶೆಡ್ಡಿನಲ್ಲಿ ನಿಂತಿದೆ. ಹೆಂಡತಿಗೆ ಮಾತ್ರ ಹೇಳಬೇಡಿ."

ಮನೋಜ್ ಹೇಳಿದ ಬೆಲೆಗೆ ಪದ್ಮನಾಭ ಒಪ್ಪಿದ. ಟೆಂಪೋ ಬಂದು ಇಂಜಿನ್ ಹೋಯಿತು. ಹಲಗೆಯ ಮೇಲೆ ಎಣ್ಣೆಯ ಕಲೆ ಉಳಿಯಿತು. ಅದರ ಮೇಲೆ ಅವನು ಹಳೆಯ ರೇಡಿಯೇಟರುಗಳನ್ನು ಪೇರಿಸಿದ.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಶೆಡ್ಡಿನ ಮುಂದೆ ಫಿಯಟ್ ಬಂದು ನಿಂತಿತು. ಮನೋಜ್ ಕೆಲಸದ ಮೇಲೆ ಅಹಮದಾಬಾದಿಗೆ ಹೊರಟಿದ್ದ. "ಹತ್ತಿ ಕಾಕಾ, ಒಂದು ಸುತ್ತು," ಎಂದ. ಪದ್ಮನಾಭ ಕೈ ತೊಳೆದುಕೊಂಡು, ಬಾಗಿಲಿಗೆ ಬೀಗ ಹಾಕಿ ಹತ್ತಿದ. ಛಾಣಿ ದಾಟಿ ಹೆದ್ದಾರಿಗೆ ಬಿದ್ದ ಮೇಲೆ ಮನೋಜ್ ಕಾಲು ಒತ್ತಿದ. ಕಿಟಕಿಯ ಗಾಳಿ ಮುಖಕ್ಕೆ ಹೊಡೆಯಿತು. ಸ್ಪೀಡೋಮೀಟರಿನ ಮುಳ್ಳು ನಡುಗುತ್ತಾ ಏರಿತು. ಲಾರಿಗಳು ಒಂದೊಂದಾಗಿ ಹಿಂದೆ ಬಿದ್ದವು. ಪದ್ಮನಾಭ ಮುಂದಿನ ಡ್ಯಾಷಿನ ಮೇಲೆ ಅಂಗೈ ಊರಿ ಕೂತಿದ್ದ. ಇಂಜಿನ್ ಅಂಗೈಯೊಳಗೆ ಓಡುತ್ತಿತ್ತು.

"ಹೇಗಿದೆ?" ಎಂದು ಮನೋಜ್ ಕೂಗಿ ಕೇಳಿದ.

"ಮೂರನೆಯ ಟ್ಯಾಪೆಟ್ಟು ಸ್ವಲ್ಪ ಸಡಿಲ. ನೋಡಿಸು," ಎಂದು ಪದ್ಮನಾಭನೂ ಕೂಗಿದ. ಕಣ್ಣಿನಲ್ಲಿ ನೀರು ಬಂದಿತ್ತು. ಗಾಳಿ ಜೋರಾಗಿದ್ದುದರಿಂದ ಒರೆಸಿಕೊಳ್ಳಬೇಕಾಗಲಿಲ್ಲ.

ಮಹೀ ನದಿಯ ಸೇತುವೆ ದಾಟಿ ವಾಸದ್ ಬಂದಾಗ ಮನೋಜನಿಗೆ ಹೊತ್ತಾಗಿರುವುದು ನೆನಪಾಯಿತು. ವಾಪಸು ಬಿಟ್ಟು ಬರಲು ಸಮಯವಿಲ್ಲ ಎಂದು ಸಂಕೋಚಪಟ್ಟ. "ಪರವಾಗಿಲ್ಲ, ನಾನು ಹೋಗ್ತೇನೆ," ಎಂದು ಪದ್ಮನಾಭ ಇಳಿದ. ಫಿಯಟ್ ಆನಂದ್ ಪಟ್ಟಣದ ಕಡೆ ಹೋಯಿತು. ಸದ್ದು ಕಾರಿಗಿಂತ ಸ್ವಲ್ಪ ಹೆಚ್ಚು ಹೊತ್ತು ಉಳಿದು ಅದೂ ಹೋಯಿತು.

ರಸ್ತೆಯಾಚೆ ದಾಟಿ, ಜನರನ್ನು ತುಂಬಿಕೊಂಡು ಹೋಗುವ ಮೂರು ಚಕ್ರದ ಛಕಡೋಗೆ ಕಾದ. ಬಂದ ಗಾಡಿಯ ಹಿಂದೆ ಬದನೆಕಾಯಿ ಮೂಟೆಗಳ ನಡುವೆ ಹೆಂಗಸರು ತುಂಬಿದ್ದರು. ಒಬ್ಬ ಮುದುಕಿ ಮೂಟೆಯನ್ನು ತನ್ನ ಕಡೆ ಎಳೆದುಕೊಂಡು ಅವನಿಗೆ ಜಾಗ ಮಾಡಿಕೊಟ್ಟಳು. ಎಲ್ಲಿಗೆ ಎಂದು ಕೇಳಿದಳು. ಗೋರ್ವಾ ಎಂದ. ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದಳು. ಅಹಮದಾಬಾದಿನಲ್ಲಿ ಅಣ್ಣ ಅತ್ತಿಗೆ ಇದ್ದಾರೆ ಎಂದು ಪದ್ಮನಾಭ ಹೇಳಿದ. ಗಾಡಿ ಕುಲುಕಿ ಹೊರಟಿತು. ಅವನು ಬೀಳದ ಹಾಗೆ ಮೇಲಿನ ಸರಳು ಹಿಡಿದುಕೊಂಡ.